ಗುಂಡಿ ತೋಡಿಸಿದ ಮೇಲೂ ಶಾಕ್ ಯಾಕೆ? ಮಲೆನಾಡಿನ ಮನೆಗಳ ಅರ್ತಿಂಗ್ ಲೆಕ್ಕ

ಮಳೆಗಾಲ ಹಿಡಿದರೆ ಶಿವಮೊಗ್ಗ ಕಡೆಯ ಪತ್ರಿಕೆಗಳಲ್ಲಿ ಒಂದು ಥರದ ಸುದ್ದಿ ತಪ್ಪುವುದಿಲ್ಲ. ಗೀಸರ್ ಮುಟ್ಟಿದವರು, ಬಟ್ಟೆ ಒಣಹಾಕುವ ತಂತಿ ಹಿಡಿದವರು, ಒದ್ದೆ ಕೈಯಲ್ಲಿ ಮೋಟಾರು ಹಾಕಲು ಹೋದವರು. ಇಡೀ ದೇಶದ ಲೆಕ್ಕ ನೋಡಿದರೆ ಕರೆಂಟ್ ಹೊಡೆದು ಸಾಯುವವರು ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 12 ಸಾವಿರಕ್ಕೂ ಜಾಸ್ತಿ. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಡುವ ಅಂಕಿ. ಕಾರ್ಖಾನೆ, ಹೊಲ, ಕಂಬ ಎಲ್ಲವೂ ಅದರಲ್ಲಿ ಸೇರಿದೆ.

ಮನೆಯೊಳಗಿನ ಅವಘಡದ ಸುದ್ದಿ ಓದಿದವರಿಗೆ ಗೊಂದಲ ಆಗುವುದು ಅದರ ಮೇಲಿನ ಮಾತುಕತೆಯಲ್ಲಿ. "ಅರ್ತಿಂಗ್ ಇತ್ತಲ್ಲ, ಆದರೂ ಯಾಕೆ ಹೀಗಾಯಿತು?" ಅಂತ ಒಬ್ಬರು. "ಎಂಸಿಬಿ ಯಾಕೆ ಬೀಳಲಿಲ್ಲ?" ಅಂತ ಇನ್ನೊಬ್ಬರು; ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್. "ಆರ್‌ಸಿಸಿಬಿ ಹಾಕಿಸಿದ್ದರೆ ಅರ್ತಿಂಗ್ ಗೊಡವೆಯೇ ಬೇಡ" ಅಂತ ಮೂರನೆಯವರು; ಆರ್‌ಸಿಸಿಬಿ ಅಂದರೆ ಕರೆಂಟ್ ಬೇರೆಲ್ಲೋ ಸೋರಿದರೆ ಲೈನ್ ಕಡಿಯುವ ಸ್ವಿಚ್. ಈ ಮೂರೂ ಮಾತು ಒಂದೇ ತಪ್ಪು ಕಲ್ಪನೆಯಿಂದ ಹುಟ್ಟಿದವು. ಅರ್ತಿಂಗ್, ಆರ್‌ಸಿಸಿಬಿ, ಬಾಂಡಿಂಗ್ (ಕೈಗೆ ಸಿಗುವ ಲೋಹಗಳನ್ನೆಲ್ಲ ಒಂದೇ ತಂತಿಯಿಂದ ಹೆಣೆಯುವುದು) ಮೂರೂ ಒಂದೇ ಕೆಲಸ ಮಾಡುತ್ತವೆ, ಒಂದಿದ್ದರೆ ಸಾಕು ಅಂತ ನಾವು ತಿಳಿದಿದ್ದೇವೆ. ಹಾಗಿಲ್ಲ. ಯಾವುದು ಏನು ಮಾಡುತ್ತದೆ, ಏನು ಮಾಡಲು ಆಗುವುದಿಲ್ಲ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಎರಡು ತಂತಿ ಕಂಬದ್ದು, ಮೂರನೆಯದು ನಮ್ಮದು

ಮಲೆನಾಡಿನ ಹಳ್ಳಿಮನೆಗೆ ಕಂಬದಿಂದ ಸಾಮಾನ್ಯವಾಗಿ ಬರುವುದು ಎರಡೇ ತಂತಿ. ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ನ್ಯೂಟ್ರಲ್ ಅನ್ನು ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ನೆಲಕ್ಕೆ ಸೇರಿಸಿರುತ್ತಾರೆ. ಮೂರನೆಯದು, ಅಂದರೆ ಹಸಿರು ಅರ್ತ್ ತಂತಿ, ಮನೆಯ ಪಕ್ಕದ ಗುಂಡಿಯಿಂದ ಶುರುವಾಗುತ್ತದೆ. ಗುಂಡಿಯಲ್ಲಿ ಜಿಐ ಪೈಪ್ ಅಥವಾ ತಗಡು, ಸುತ್ತ ಇದ್ದಿಲು, ಉಪ್ಪು.

ಈಗ ಗೀಸರ್ ಒಳಗೆ ಫೇಸ್ ತಂತಿ ಸುಲಿದು ಬಾಡಿಗೆ ತಾಗಿತು ಅನ್ನಿ. ಕರೆಂಟ್ ಬಾಡಿಯಿಂದ ಹಸಿರು ತಂತಿಗೆ, ಅಲ್ಲಿಂದ ಗುಂಡಿಗೆ ಇಳಿಯುತ್ತದೆ. ಕೆಲಸ ಅಲ್ಲಿಗೆ ಮುಗಿಯಿತು, ಕರೆಂಟನ್ನು ಭೂಮಿ ನುಂಗಿತು ಅಂತ ತುಂಬ ಜನರ ಎಣಿಕೆ. ಭೂಮಿ ಏನನ್ನೂ ನುಂಗುವುದಿಲ್ಲ. ಕರೆಂಟ್ ಮಣ್ಣಿನ ಮೂಲಕ ಹೋಗಿ ಟಿಸಿ ಪಕ್ಕದ ಅರ್ತ್ ಸೇರಿ, ಅಲ್ಲಿಂದ ನ್ಯೂಟ್ರಲ್‌ಗೆ ಹತ್ತಬೇಕು. ಈ ಸುತ್ತು ಪೂರ್ತಿಯಾದರೆ ಮಾತ್ರ ಅದು ಹರಿಯುತ್ತದೆ. ಎಷ್ಟು ಹರಿಯುತ್ತದೆ ಅನ್ನುವುದನ್ನು ತೀರ್ಮಾನಿಸುವುದು ನಡುವಿನ ಮಣ್ಣು.

ಎಂಸಿಬಿ ಯಾಕೆ ಬೀಳುವುದಿಲ್ಲ

ಅರ್ತಿಂಗ್‌ಗೆ ನಮ್ಮಲ್ಲಿ ಇರುವ ಮಾನಕ ಐಎಸ್ 3043. ಮೊದಲು 1966ರಲ್ಲಿ ಬಂತು, 1987ರಲ್ಲಿ ಮತ್ತು 2018ರಲ್ಲಿ ಪರಿಷ್ಕರಣೆ ಆಯಿತು. ಎರಡೂವರೆ ಮೀಟರ್ ಉದ್ದದ ಪೈಪ್ ಒಂದನ್ನು ಸಾಧಾರಣ ಮಣ್ಣಿನಲ್ಲಿ, ಅಂದರೆ ಮಣ್ಣಿನ ರೋಧ (ಕರೆಂಟಿಗೆ ಅದು ಒಡ್ಡುವ ತಡೆ) ಸುಮಾರು 100 ಓಮ್ ಮೀಟರ್ ಇರುವ ಕಡೆ, ನೆಟ್ಟರೆ ಅದರ ಅರ್ತ್ ರೋಧ 33 ಓಮ್ ಆಸುಪಾಸು ಬರುತ್ತದೆ. ಟಿಸಿ ಕಡೆಯ ಅರ್ತ್‌ಗೆ 5 ಓಮ್ ಇಟ್ಟುಕೊಳ್ಳೋಣ. ಒಟ್ಟು 38. ಮನೆಗೆ ಬರುವ 230 ವೋಲ್ಟ್ ಅನ್ನು 38ರಿಂದ ಭಾಗಿಸಿದರೆ 6 ಆಂಪಿಯರ್.

ಗೀಸರ್ ಲೈನಿಗೆ ಇರುವುದು 16 ಅಥವಾ 20 ಆಂಪಿಯರ್ ಎಂಸಿಬಿ. ಅದರ ಕಣ್ಣಿಗೆ 6 ಆಂಪಿಯರ್ ಏನೂ ಅಲ್ಲ. ಗೀಸರ್ ಉರಿಯುವಾಗ ಅದಕ್ಕಿಂತ ಜಾಸ್ತಿಯೇ ಎಳೆಯುತ್ತದೆ. 16 ಆಂಪಿಯರ್‌ನ ಸಿ ದರ್ಜೆಯ ಎಂಸಿಬಿ ತಕ್ಷಣ ಬೀಳಬೇಕಾದರೆ ಅದರ ಹತ್ತು ಪಟ್ಟು, 160 ಆಂಪಿಯರ್ ತನಕ ಬೇಕಾಗಬಹುದು. ಅಷ್ಟು ಹರಿಯಲು ಇಡೀ ಸುತ್ತಿನ ರೋಧ ಒಂದೂವರೆ ಓಮ್‌ಗಿಂತ ಕಡಿಮೆ ಇರಬೇಕು. ಮನೆ ಪಕ್ಕದ ಒಂದು ಗುಂಡಿಯಿಂದ ಅದು ಆಗುವ ಮಾತಲ್ಲ.

ಎಂಸಿಬಿ ಬೀಳದಿದ್ದರೆ ಗೀಸರ್ ಬಾಡಿ ಮೇಲೆ ಎಷ್ಟು ವೋಲ್ಟ್ ಉಳಿಯಿತು? ಆರು ಆಂಪಿಯರ್ ಗುಣಿಸು 33 ಓಮ್, ಸುಮಾರು 200 ವೋಲ್ಟ್. ಅರ್ತಿಂಗ್ ಇದೆ, ಗುಂಡಿ ಸರಿ ಇದೆ, ತಂತಿ ತುಂಡಾಗಿಲ್ಲ. ಆದರೂ ಬಾಡಿ ಮೇಲೆ 200 ವೋಲ್ಟ್ ಕೂತಿದೆ. ಯಾರಾದರೂ ಬಂದು ಸ್ವಿಚ್ ಆಫ್ ಮಾಡುವವರೆಗೆ ಕೂತೇ ಇರುತ್ತದೆ. ಇನ್ನೂ ಖರ್ಚು ಮಾಡಿ ಗುಂಡಿಯನ್ನು 10 ಓಮ್‌ಗೆ ಇಳಿಸಿದಿರಿ ಅನ್ನಿ. ಆಗ 15 ಆಂಪಿಯರ್ ಹರಿಯುತ್ತದೆ, ಬಾಡಿ ಮೇಲೆ 150 ವೋಲ್ಟ್ ಉಳಿಯುತ್ತದೆ. ಎಂಸಿಬಿ ಆಗಲೂ ಬೀಳುವುದಿಲ್ಲ.

ವೈರ್‌ಮನ್‌ಗಳು ಫೇಸ್‌ಗೂ ಅರ್ತ್‌ಗೂ ನಡುವೆ 100 ವ್ಯಾಟಿನ ಬಲ್ಬ್ ಹಾಕಿ ತೋರಿಸುವುದುಂಟು. ಬಲ್ಬ್ ಜೋರಾಗಿ ಉರಿದರೆ "ಅರ್ತ್ ಫಸ್ಟ್ ಕ್ಲಾಸ್" ಅನ್ನುವುದು ರೂಢಿ. ಆ ಬಲ್ಬ್ ಎಳೆಯುವುದು ಅರ್ಧ ಆಂಪಿಯರ್‌ಗಿಂತ ಕಡಿಮೆ. ಗುಂಡಿಯ ರೋಧ 33 ಓಮ್ ಇದ್ದರೂ ಬಲ್ಬ್‌ಗೆ 215 ವೋಲ್ಟ್ ಸಿಗುತ್ತದೆ, ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಅರ್ತ್ ಇದೆ ಅನ್ನುವುದನ್ನು ಬಲ್ಬ್ ತೋರಿಸುತ್ತದೆ. ಜೀವ ಉಳಿಸುವಷ್ಟು ಇದೆಯೇ ಅನ್ನುವುದನ್ನಲ್ಲ.

ಮಳೆ ಜಾಸ್ತಿ, ಅರ್ತ್ ಚೆನ್ನಾಗಿರಬೇಕಲ್ವಾ?

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಇಷ್ಟು ನೆನೆದ ನೆಲಕ್ಕಿಂತ ಒಳ್ಳೆ ಅರ್ತ್ ಎಲ್ಲಿ ಸಿಗಬೇಕು ಅಂತ ಅನ್ನಿಸುವುದು ಸಹಜ. ಆದರೆ ಮಣ್ಣಿನಲ್ಲಿ ಕರೆಂಟ್ ಸಾಗಿಸುವುದು ಬರೀ ನೀರಲ್ಲ, ನೀರಿನಲ್ಲಿ ಕರಗಿದ ಲವಣ. ಜಂಬಿಟ್ಟಿಗೆ ಮಣ್ಣು ಹುಟ್ಟಿದ್ದೇ ಲಕ್ಷಾಂತರ ವರ್ಷದ ಮಳೆ ಲವಣವನ್ನೆಲ್ಲ ತೊಳೆದು ಕೊಂಡೊಯ್ದು. ಹಾಗಾಗಿ ಅದು ಒದ್ದೆಯಾಗಿದ್ದರೂ ಬಯಲುಸೀಮೆಯ ಕಪ್ಪು ಎರೆಮಣ್ಣಿನಷ್ಟು ಚೆನ್ನಾಗಿ ಕರೆಂಟ್ ಬಿಡುವುದಿಲ್ಲ. ಒಣಗಿದರಂತೂ ರೋಧ ನೂರಾರು ಓಮ್ ಮೀಟರ್‌ಗೆ ಏರುತ್ತದೆ, ಬಂಡೆ ಸಿಕ್ಕಲ್ಲಿ ಸಾವಿರವನ್ನೂ ದಾಟುತ್ತದೆ. ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ಮನೆಗಳಲ್ಲಿ ನಾಲ್ಕಡಿಗೇ ಕಲ್ಲು ಸಿಕ್ಕಿ ಗುಂಡಿ ಅರ್ಧಕ್ಕೆ ನಿಲ್ಲುವುದೂ ಇದೆ.

ಗುಂಡಿಗೆ ಹಾಕಿದ ಉಪ್ಪಿನ ಕಥೆಯೂ ಅಷ್ಟೇ. ಮೊದಲ ವರ್ಷ ಒಳ್ಳೆ ಅಂಕಿ ತೋರಿಸುತ್ತದೆ. ಆಮೇಲೆ ಮಳೆಯ ಜೊತೆ ಇಳಿದು ಹೋಗುತ್ತದೆ. ಹೋಗುವ ಮುಂಚೆ ಜಿಐ ಪೈಪನ್ನು ಚೆನ್ನಾಗಿ ತುಕ್ಕು ಹಿಡಿಸಿರುತ್ತದೆ. ಈಗ ಅಂಗಡಿಗಳಲ್ಲಿ ಮಾರುವ ಕೆಮಿಕಲ್ ಅರ್ತಿಂಗ್ ಈ ವಿಷಯದಲ್ಲಿ ಪರವಾಗಿಲ್ಲ, ಬಾಳಿಕೆ ಜಾಸ್ತಿ. ಆದರೆ ಅದೂ ಒಂದೂವರೆ ಓಮ್ ತಂದುಕೊಡುವ ಮಂತ್ರವೇನಲ್ಲ.

ಆರ್‌ಸಿಸಿಬಿ ನೋಡುವುದೇನು

ಎಂಸಿಬಿ ನೋಡುವುದು ಎಷ್ಟು ಕರೆಂಟ್ ಹೋಯಿತು ಅನ್ನುವುದನ್ನು. ಆರ್‌ಸಿಸಿಬಿ ನೋಡುವುದು ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತೇ ಅನ್ನುವುದನ್ನು. ಲೆಕ್ಕದಲ್ಲಿ 30 ಮಿಲಿಆಂಪಿಯರ್ ಕಡಿಮೆ ಬಿದ್ದರೆ, ಅಂದರೆ ಒಂದು ಆಂಪಿಯರ್‌ನ ನೂರರಲ್ಲಿ ಮೂರು ಪಾಲು ಬೇರೆಲ್ಲೋ ಸೋರಿದರೆ, 0.3 ಸೆಕೆಂಡಿನೊಳಗೆ ಲೈನ್ ಕಡಿಯಬೇಕು. ಐದು ಪಟ್ಟು ಸೋರಿದರೆ 0.04 ಸೆಕೆಂಡ್.

ಮೂವತ್ತೇ ಯಾಕೆ? ಸುಮಾರು 10 ಮಿಲಿಆಂಪಿಯರ್ ದಾಟಿದರೆ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲು ಆಗುವುದಿಲ್ಲ. 30 ದಾಟಿ ಒಂದೆರಡು ಎದೆಬಡಿತದಷ್ಟು ಹೊತ್ತು ಹರಿದರೆ ಹೃದಯದ ತಾಳ ತಪ್ಪುವ ಅಪಾಯ ಶುರುವಾಗುತ್ತದೆ. ಒದ್ದೆ ಮೈಯ ರೋಧ ಸಾವಿರ ಓಮ್ ಅಂತ ಹಿಡಿದರೂ 200 ವೋಲ್ಟ್‌ಗೆ 200 ಮಿಲಿಆಂಪಿಯರ್ ಹರಿಯುತ್ತದೆ. ಆರ್‌ಸಿಸಿಬಿ ಇದ್ದರೂ ಈ 200 ಮೈಯಲ್ಲಿ ಹರಿಯುವುದನ್ನು ಅದು ತಡೆಯುವುದಿಲ್ಲ, ಬೇಗ ನಿಲ್ಲಿಸುತ್ತದೆ ಅಷ್ಟೆ. ಆ ಬೇಗವೇ ಜೀವ ಉಳಿಸುವುದು.

ಈಗ ಹಳೆಯ ಲೆಕ್ಕಕ್ಕೆ ಮರಳೋಣ. 33 ಓಮ್ ಗುಂಡಿಯಲ್ಲಿ ಹರಿದ 6 ಆಂಪಿಯರ್ ಎಂಸಿಬಿಗೆ ಲೆಕ್ಕಕ್ಕಿಲ್ಲ. ಆರ್‌ಸಿಸಿಬಿಗೆ ಅದು ಬೇಕಾದದ್ದಕ್ಕಿಂತ 200 ಪಟ್ಟು. ಗುಂಡಿ ಕೆಟ್ಟು 200 ಓಮ್ ಆಗಿದ್ದರೂ ಒಂದು ಆಂಪಿಯರ್‌ಗೂ ಮೇಲೆ ಹರಿಯುತ್ತದೆ, ಆರ್‌ಸಿಸಿಬಿ ತಕ್ಷಣ ಬೀಳುತ್ತದೆ. ಜಂಬಿಟ್ಟಿಗೆ ನೆಲದ ದೊಡ್ಡ ತೊಡಕು ಎರಡು ಸಾವಿರ ರೂಪಾಯಿ ಆಸುಪಾಸಿನ ಒಂದು ಪೆಟ್ಟಿಗೆಯಿಂದ ಬಗೆಹರಿಯುತ್ತದೆ.

ಹಾಗಾದರೆ ಅರ್ತಿಂಗ್ ಬೇಡವೇ? ಬೇಕು. ಅರ್ತ್ ಇಲ್ಲದ ಗೀಸರ್ ಬಾಡಿಗೆ ಫೇಸ್ ತಾಗಿದರೆ ಕರೆಂಟ್‌ಗೆ ಹೋಗಲು ದಾರಿಯಿಲ್ಲ. ಸೋರಿಕೆ ಇಲ್ಲ, ಆರ್‌ಸಿಸಿಬಿ ಸುಮ್ಮನಿರುತ್ತದೆ. ಬಾಡಿ 230 ವೋಲ್ಟ್ ಹೊತ್ತು ಕಾಯುತ್ತಿರುತ್ತದೆ. ಮೊದಲು ಮುಟ್ಟಿದ ಮನುಷ್ಯನೇ ದಾರಿ. ಆಗ ಆರ್‌ಸಿಸಿಬಿ ಬೀಳುತ್ತದೆ, ಹೆಚ್ಚಿನ ಸಲ ಜೀವವೂ ಉಳಿಯುತ್ತದೆ, ಆದರೆ ಶಾಕ್ ಹೊಡೆದೇ ಹೊಡೆಯುತ್ತದೆ. ಜಾರುವ ಬಚ್ಚಲಲ್ಲಿ ಬಿದ್ದು ತಲೆ ಒಡೆದುಕೊಳ್ಳಲು ಅಷ್ಟು ಸಾಕು. ಅರ್ತ್ ಇದ್ದರೆ ತಂತಿ ಬಾಡಿಗೆ ತಾಗಿದ ಗಳಿಗೆಯಲ್ಲೇ, ಯಾರೂ ಮುಟ್ಟುವ ಮುಂಚೆಯೇ ಲೈನ್ ಕಡಿಯುತ್ತದೆ. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಒತ್ತಿದಾಗ ಅದು ಬಿದ್ದರೆ ಪೆಟ್ಟಿಗೆ ಸರಿ ಇದೆ ಅಂತ ಮಾತ್ರ ಅರ್ಥ. ಅರ್ತ್ ತಂತಿಯೇ ಇಲ್ಲದ ಮನೆಯಲ್ಲೂ ಆ ಬಟನ್ ಕೆಲಸ ಮಾಡುತ್ತದೆ.

ಇನ್ನೆರಡು ಮಿತಿಗಳಿವೆ. ಒಂದು ಕೈ ಫೇಸ್‌ಗೆ, ಇನ್ನೊಂದು ನ್ಯೂಟ್ರಲ್‌ಗೆ ತಾಗಿದರೆ ಆರ್‌ಸಿಸಿಬಿಗೆ ನೀವೂ ಒಂದು ಬಲ್ಬ್, ಅದು ಬೀಳುವುದಿಲ್ಲ. ಕಂಬದಿಂದ ಮೀಟರ್‌ವರೆಗಿನ ಸರ್ವಿಸ್ ವೈರ್ ಕೂಡ ಅದರ ಕಾವಲಿನಲ್ಲಿ ಇಲ್ಲ. ಆ ವೈರ್ ತಗಡಿನ ಮಾಡಿಗೆ ಉಜ್ಜಿ ಸುಲಿದರೆ, ಅದೇ ಮಾಡಿನ ಕಂಬಕ್ಕೆ ಕಟ್ಟಿದ ಬಟ್ಟೆ ತಂತಿಗೆ ಕರೆಂಟ್ ಇಳಿಯುತ್ತದೆ. ಮನೆಯೊಳಗಿನ ಯಾವ ಪೆಟ್ಟಿಗೆಗೂ ಅದು ಗೊತ್ತಾಗುವುದಿಲ್ಲ. ಇದಕ್ಕೆ ಮದ್ದು ನೈಲಾನ್ ಹಗ್ಗ ಮತ್ತು ಸರ್ವಿಸ್ ವೈರನ್ನು ತಗಡಿನಿಂದ ದೂರ ಎಳೆಸುವುದು.

"ಮಳೆ ಬಂದರೆ ಬೀಳುತ್ತೆ, ತೆಗೆದುಬಿಡಿ"

ಆರ್‌ಸಿಸಿಬಿ ವಿರುದ್ಧದ ದೊಡ್ಡ ವಾದ ಇದು. ವಾದ ಮಾಡುವವರು ಸುಳ್ಳು ಹೇಳುತ್ತಿಲ್ಲ. ಮಲೆನಾಡಿನ ಹಳೆಯ ಹೆಂಚಿನ ಮನೆಗಳಲ್ಲಿ ಮರದ ಪಟ್ಟಿಯೊಳಗೆ ಓಡಿದ ವೈರಿಂಗ್ ಇನ್ನೂ ಇದೆ. ಜುಲೈ ಬಂದರೆ ಗೋಡೆ ಬೆವರುತ್ತದೆ, ಸ್ವಿಚ್ ಬೋರ್ಡ್ ಒಳಗೆ ಇರುವೆ ಗೂಡು ಕಟ್ಟುತ್ತದೆ, ಅಟ್ಟದ ಮೇಲೆ ಇಲಿ ವೈರ್ ಕಡಿದಿರುತ್ತದೆ. ಒಂದೊಂದು ಕಡೆಯೂ ನಾಲ್ಕೈದು ಮಿಲಿಆಂಪಿಯರ್ ಸೋರಿದರೂ ಒಟ್ಟು ಸೇರಿ 30ರ ಹತ್ತಿರ ಬರುತ್ತದೆ. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದರೆ ರಾತ್ರಿ ಹನ್ನೊಂದಕ್ಕೆ ಎಲ್ಲ ಕತ್ತಲೆ. ಎರಡು ಸಲ ಹೀಗಾದರೆ ಮೂರನೆಯ ಸಲ ವೈರ್‌ಮನ್ ಬಂದು ಅದನ್ನು ಬೈಪಾಸ್ ಮಾಡಿ ಹೋಗುತ್ತಾನೆ. ಪೆಟ್ಟಿಗೆ ಗೋಡೆ ಮೇಲೆಯೇ ಉಳಿಯುತ್ತದೆ. ಇದು ಆರ್‌ಸಿಸಿಬಿ ಇಲ್ಲದ್ದಕ್ಕಿಂತ ಕೆಟ್ಟದ್ದು, ಯಾಕೆಂದರೆ ಮನೆಯವರು ಅದು ಇದೆ ಅಂತ ನಂಬಿರುತ್ತಾರೆ.

ಬೀಳುವ ಆರ್‌ಸಿಸಿಬಿ ನಿಜವಾದ ಸೋರಿಕೆಯನ್ನೇ ಹೇಳುತ್ತಿದೆ. 500 ವೋಲ್ಟಿನ ಮೆಗ್ಗರ್ (ವೈರಿನ ಹೊದಿಕೆಯ ರೋಧ ಅಳೆಯುವ ಸಾಧನ) ಹಿಡಿದು ಒಂದೊಂದೇ ಲೈನ್ ಅಳೆದರೆ ಯಾವುದು 1 ಮೆಗಾಓಮ್‌ಗಿಂತ ಕೆಳಗಿದೆ ಅಂತ ಸಿಕ್ಕಿಬೀಳುತ್ತದೆ. ಆ ಲೈನ್ ಬದಲಾಯಿಸಬೇಕು. ಜೊತೆಗೆ ಬಚ್ಚಲುಮನೆ, ಅಡುಗೆಮನೆ, ಹೊರಗಿನ ಪಾಯಿಂಟುಗಳಿಗೆ ಬೇರೆ ಬೇರೆ ಆರ್‌ಸಿಸಿಬಿ ಹಾಕಿದರೆ ಅಂಗಳದ ಲೈಟಿಗೆ ನೀರು ಹೊಕ್ಕರೆ ಒಳಗಿನ ಫ್ರಿಜ್ ನಿಲ್ಲುವುದಿಲ್ಲ. ಇನ್ವರ್ಟರ್ ಇರುವ ಮನೆಗಳಲ್ಲಿ ಇನ್ನೊಂದು ಕಾರಣ ಇರುತ್ತದೆ. ಇನ್ವರ್ಟರ್ ಲೈನಿನ ನ್ಯೂಟ್ರಲ್ ಅನ್ನು ಆರ್‌ಸಿಸಿಬಿಯ ಆಚೆ ಬದಿಯ ನ್ಯೂಟ್ರಲ್ ಜೊತೆ ಸೇರಿಸಿದ್ದರೆ ಲೆಕ್ಕ ಎಂದೂ ಸರಿಹೋಗುವುದಿಲ್ಲ, ಪೆಟ್ಟಿಗೆ ಬೀಳುತ್ತಲೇ ಇರುತ್ತದೆ. ಅದು ವೈರಿಂಗ್ ತಪ್ಪು, ಮಳೆಯ ತಪ್ಪಲ್ಲ.

ಬಚ್ಚಲುಮನೆಯ ಬಾಂಡಿಂಗ್

ಶಾಕ್ ಹೊಡೆಯಲು ಎರಡು ಜಾಗಗಳ ನಡುವೆ ವೋಲ್ಟ್ ವ್ಯತ್ಯಾಸ ಬೇಕು. ತಂತಿ ಮೇಲೆ ಕೂತ ಕಾಗೆಗೆ ಏನೂ ಆಗುವುದಿಲ್ಲ, ಎರಡೂ ಕಾಲು ಒಂದೇ ವೋಲ್ಟ್ ಮೇಲಿರುತ್ತವೆ. ಬಾಂಡಿಂಗ್ ಮಾಡುವುದು ಇದನ್ನೇ. ಬಚ್ಚಲಲ್ಲಿ ಒಟ್ಟಿಗೆ ಕೈಗೆ ಸಿಗುವ ಗೀಸರ್ ಬಾಡಿ, ಜಿಐ ಪೈಪ್, ಲೋಹದ ನಲ್ಲಿ ಇವನ್ನೆಲ್ಲ ಒಂದು ತಾಮ್ರದ ತಂತಿಯಿಂದ ಹೆಣೆದು ಅರ್ತ್‌ಗೆ ಸೇರಿಸುವುದು. ಆಗ ಗೀಸರ್ ಬಾಡಿ 200 ವೋಲ್ಟ್‌ಗೆ ಏರಿದರೆ ನಲ್ಲಿಯೂ ಜೊತೆಗೇ ಏರುತ್ತದೆ. ಒಂದು ಕೈ ಅಲ್ಲಿ, ಒಂದು ಕೈ ಇಲ್ಲಿ ಇಟ್ಟರೂ ನಡುವೆ ವ್ಯತ್ಯಾಸ ಇರುವುದಿಲ್ಲ.

ಮಲೆನಾಡಿನಲ್ಲಿ ಇದು ಜಾಸ್ತಿ ಮುಖ್ಯ ಆಗಲು ಕಾರಣ ಅಬ್ಬಿ ನೀರು. ಗುಡ್ಡದಿಂದ ಇಳಿದು ಬರುವ ಹಳೆಯ ಜಿಐ ಪೈಪ್ ನೂರಾರು ಅಡಿ ಮಣ್ಣಲ್ಲಿ ಹೂತಿರುತ್ತದೆ. ಎಷ್ಟೋ ಮನೆಗಳ ಗುಂಡಿಗಿಂತ ಅದೇ ಒಳ್ಳೆ ಅರ್ತ್. ಅಂದರೆ ನಲ್ಲಿ ಗಟ್ಟಿಯಾಗಿ ಸೊನ್ನೆ ವೋಲ್ಟಿನಲ್ಲಿ ನಿಂತಿದೆ. ಪಕ್ಕದಲ್ಲೇ ಗೀಸರ್ ಬಾಡಿ 200 ವೋಲ್ಟ್‌ಗೆ ಏರಿದರೆ ನಲ್ಲಿ ಹಿಡಿದವರಿಗೆ ಅದಕ್ಕಿಂತ ಅಪಾಯದ ಜಾಗ ಇಲ್ಲ.

ಇದರ ಉಲ್ಟಾ ಸಮಸ್ಯೆಯೂ ಈಗ ಶುರುವಾಗಿದೆ. ಹಿಂದೆ ಕೆಲವು ಮನೆಗಳಲ್ಲಿ ಗುಂಡಿ ತೋಡದೆ ಇದೇ ನೀರಿನ ಪೈಪಿಗೆ ಅರ್ತ್ ತಂತಿ ಸುತ್ತಿ ಬಿಟ್ಟಿದ್ದರು. ಪೈಪ್ ತುಕ್ಕು ಹಿಡಿದಾಗ ಪ್ಲಂಬರ್ ಬಂದು ನಡುವೆ ಹತ್ತಡಿ ಪಿವಿಸಿ ಹಾಕಿದ. ನೀರು ಸಲೀಸಾಗಿ ಬಂತು, ಅರ್ತ್ ಹೋಯಿತು. ಪ್ಲಂಬರ್‌ಗೆ ಅದು ಗೊತ್ತಿಲ್ಲ, ವೈರ್‌ಮನ್‌ಗೆ ಯಾರೂ ಹೇಳಲಿಲ್ಲ. ಪೂರ್ತಿ ಪ್ಲಾಸ್ಟಿಕ್ ಪೈಪಿನ ಹೊಸ ಮನೆಯಲ್ಲಿ ಪೈಪಿಗೆ ಬಾಂಡಿಂಗ್ ಬೇಕಿಲ್ಲ. ಅರ್ಧ ಲೋಹ, ಅರ್ಧ ಪ್ಲಾಸ್ಟಿಕ್ ಇರುವಲ್ಲೇ ನೋಡಿ ಮಾಡಬೇಕು.

ಬಾಂಡಿಂಗ್ ಬಗ್ಗೆ ಒಂದು ನ್ಯಾಯವಾದ ಆಕ್ಷೇಪ ಇದೆ. ಬಚ್ಚಲಿನ ಪೈಪ್ ಮುಂದೆ ಕೊಟ್ಟಿಗೆಗೂ ಹೋಗಿದ್ದರೆ, ಗೀಸರ್‌ನ ವೋಲ್ಟ್ ಕೊಟ್ಟಿಗೆಯ ನಲ್ಲಿಗೂ ಹೋಗುತ್ತದೆ, ಅಲ್ವಾ? ಹೌದು, ಹೋಗುತ್ತದೆ. ಅಲ್ಲಿ ನೆಲ ಸೊನ್ನೆ ವೋಲ್ಟ್, ನಲ್ಲಿಯ ಮೇಲೆ ಕರೆಂಟ್. ಆರ್‌ಸಿಸಿಬಿ ಇದ್ದರೆ ಈ ಸ್ಥಿತಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ಬಾಂಡಿಂಗ್ ಅಪಾಯವನ್ನು ಹಂಚಿದಂತೆಯೇ. ಹಾಗಾಗಿ ಕ್ರಮ ತಿರುಗಿಸಬಾರದು: ಮೊದಲು ಆರ್‌ಸಿಸಿಬಿ, ಆಮೇಲೆ ಬಾಂಡಿಂಗ್.

ನ್ಯೂಟ್ರಲ್ ತುಂಡಾದ ದಿನ

ಕಾಡಿನ ನಡುವೆ ಓಡುವ ಲೈನಿನ ಮೇಲೆ ಮರ ಬಿದ್ದು ನ್ಯೂಟ್ರಲ್ ಕಡಿದುಹೋಗುವುದು ಇಲ್ಲಿ ಹೊಸದಲ್ಲ. ಆಗ ಎರಡು ಕೆಟ್ಟ ಅಭ್ಯಾಸಗಳು ಬಯಲಿಗೆ ಬರುತ್ತವೆ.

ಮೊದಲನೆಯದು, ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ತ್ ಪಿನ್‌ಗೆ ಒಂದು ತುಂಡು ತಂತಿ ಕೊಟ್ಟು "ಅರ್ತ್ ಬಂತು" ಅನ್ನುವುದು. ಎಲ್ಲ ಸರಿ ಇರುವ ದಿನ ಟೆಸ್ಟರ್‌ಗೆ ಏನೂ ಕಾಣುವುದಿಲ್ಲ. ಕಂಬದ ನ್ಯೂಟ್ರಲ್ ತುಂಡಾದರೆ, ಉರಿಯುತ್ತಿರುವ ಬಲ್ಬ್ ಮೂಲಕ ಬಂದ ಫೇಸ್‌ಗೆ ವಾಪಸ್ ದಾರಿ ಇಲ್ಲ. ಮನೆಯ ನ್ಯೂಟ್ರಲ್ ತಂತಿಯೇ 230 ವೋಲ್ಟ್‌ಗೆ ಏರುತ್ತದೆ. ಆ ತುಂಡು ತಂತಿ ಅದನ್ನು ವಾಷಿಂಗ್ ಮೆಷಿನ್ ಬಾಡಿಗೆ, ಫ್ರಿಜ್ ಬಾಗಿಲಿಗೆ ತಂದು ಕೂರಿಸುತ್ತದೆ. ಯಾವ ಉಪಕರಣವೂ ಕೆಟ್ಟಿರುವುದಿಲ್ಲ, ಆದರೂ ಎಲ್ಲದರ ಮೇಲೂ ಕರೆಂಟ್.

ಎರಡನೆಯದು, ನ್ಯೂಟ್ರಲ್ ಬರುತ್ತಿಲ್ಲ ಅಂತ ಅರ್ತ್ ಗುಂಡಿಯನ್ನೇ ನ್ಯೂಟ್ರಲ್ ಮಾಡಿಕೊಳ್ಳುವುದು. 33 ಓಮ್ ಗುಂಡಿಗೆ 5 ಆಂಪಿಯರ್ ಇಳಿಸಿದರೆ ಗುಂಡಿಯ ಪೈಪ್ 165 ವೋಲ್ಟ್‌ಗೆ ಏರುತ್ತದೆ, ಸುತ್ತಲ ಒದ್ದೆ ನೆಲದಲ್ಲಿ ಅಡಿ ಅಡಿಗೂ ವೋಲ್ಟ್ ಇಳಿಯುತ್ತಾ ಹೋಗುತ್ತದೆ. ದನದ ಮುಂಗಾಲಿಗೂ ಹಿಂಗಾಲಿಗೂ ನಡುವೆ ಮನುಷ್ಯನ ಹೆಜ್ಜೆಗಿಂತ ಜಾಸ್ತಿ ದೂರ. ಹಾಗಾಗಿ ಮೊದಲು ಬೀಳುವುದು ದನ.

ಹೊಣೆ ಯಾರದ್ದು

ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ಎರಡು ಮಾತು ಹೇಳಿದ್ದವು. ಒಂದು, ಗ್ರಾಹಕನ ಬಳಕೆಗೆ ಸರಬರಾಜು ಶುರುವಾಗುವ ಜಾಗದಲ್ಲಿ ಅರ್ತ್ ಟರ್ಮಿನಲ್ ಒದಗಿಸಿ ಕಾಪಾಡುವುದು ವಿದ್ಯುತ್ ಕಂಪನಿಯ ಕೆಲಸ. ಎರಡು, ಮನೆಗಳಿಗೆ 30 ಮಿಲಿಆಂಪಿಯರ್ ಮೀರದ ಸೋರಿಕೆ ರಕ್ಷಕ ಬೇಕು, ಆದರೆ 5 ಕಿಲೋವ್ಯಾಟ್‌ಗಿಂತ ಸಣ್ಣ ಸಂಪರ್ಕಗಳಿಗೆ ವಿನಾಯಿತಿ. ಈ ನಿಯಮಗಳ ಜಾಗಕ್ಕೆ 2023ರಲ್ಲಿ ಹೊಸವು ಬಂದಿವೆ.

ಆ ವಿನಾಯಿತಿಯೇ ಹಳ್ಳಿಮನೆಗಳನ್ನು ಹೊರಗಿಟ್ಟದ್ದು. ಹೆಚ್ಚಿನ ಮನೆಗಳ ಮಂಜೂರಾದ ಲೋಡ್ ಒಂದೆರಡು ಕಿಲೋವ್ಯಾಟ್. ಗೀಸರ್ ಆಮೇಲೆ ಬಂತು, ವಾಷಿಂಗ್ ಮೆಷಿನ್ ಆಮೇಲೆ ಬಂತು, ಈಗ ಎಲೆಕ್ಟ್ರಿಕ್ ಸ್ಕೂಟರ್ ಬರುತ್ತಿದೆ. ಕಾಗದದ ಮೇಲಿನ ಲೋಡ್ ಹಾಗೇ ಇದೆ. ಅರ್ತ್ ಟರ್ಮಿನಲ್ ವಿಷಯದಲ್ಲಿ ಕಂಪನಿಗಳ ಕಷ್ಟವೂ ಸುಳ್ಳಲ್ಲ: ಗುಡ್ಡ ಹತ್ತಿ ಇಳಿಯುವ, ಮನೆ ಒಂದಕ್ಕೊಂದು ದೂರ ಇರುವ ಲೈನಿನಲ್ಲಿ ಮೂರನೆಯ ತಂತಿ ಎಳೆದು ಕಾಪಾಡುವುದು ದುಬಾರಿ. ಆದರೆ ಆ ಭಾರ ಸದ್ದಿಲ್ಲದೆ ಮನೆಯವರ ಹೆಗಲಿಗೆ ದಾಟಿದೆ ಅನ್ನುವುದನ್ನು ಅವರಿಗೆ ಯಾರೂ ತಿಳಿಸಿ ಹೇಳಿಲ್ಲ. ನನ್ನ ಮಟ್ಟಿಗೆ ಇಲ್ಲಿನ ದೊಡ್ಡ ಲೋಪ ಇದೇ. ಹೊಸ ಸಂಪರ್ಕಕ್ಕೆ ಲೈಸೆನ್ಸ್ ಇರುವ ಗುತ್ತಿಗೆದಾರರ ವರದಿ ಬೇಕು, ಅದರಲ್ಲಿ ಅರ್ತ್ ಅಂಕಿ ತುಂಬುವ ಜಾಗವೂ ಇರುತ್ತದೆ. ಅಳೆಯದೇ ಆ ಅಂಕಿ ಬರೆದರೆ ಹಿಡಿಯುವವರು ಕಡಿಮೆ.

ಸೊನ್ನೆ ಬಿಲ್ಲಿನ ಹಿಂದಿನ ಸೋರಿಕೆ

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ, ಮಿತಿಯೊಳಗೆ ಇರುವ ಮನೆಗಳಿಗೆ ಬಿಲ್ ಸೊನ್ನೆ. ಇದರ ಒಂದು ಪರಿಣಾಮವನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ. ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ 0.3 ಆಂಪಿಯರ್ ಹಗಲೂ ರಾತ್ರಿ ನೆಲಕ್ಕೆ ಸೋರಿದರೆ ತಿಂಗಳಿಗೆ ಸುಮಾರು 50 ಯೂನಿಟ್. ಹಿಂದೆ ಅದು ಬಿಲ್ಲಿನಲ್ಲಿ ಕಾಣುತ್ತಿತ್ತು, ಮನೆಯವರು ವೈರ್‌ಮನ್ ಕರೆಸುತ್ತಿದ್ದರು. ಈಗ ಮಿತಿ ದಾಟುವವರೆಗೆ ಕೇಳುವವರಿಲ್ಲ. ಯೋಜನೆಯದ್ದು ತಪ್ಪು ಅಂತಲ್ಲ, ಸೋರಿಕೆ ಹೇಳುತ್ತಿದ್ದ ಒಂದು ದಾರಿ ಮುಚ್ಚಿತು ಅಷ್ಟೆ. ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ 'ಅರ್ತ್' ಅಥವಾ 'ಇಎಲ್' ಅನ್ನುವ ಸಣ್ಣ ದೀಪ ಇರುವುದುಂಟು. ಅದು ಉರಿಯುತ್ತಿದ್ದರೆ ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಪೂರ್ತಿ ಬರುತ್ತಿಲ್ಲ ಅಂತ ಅರ್ಥ.

ವಾಷಿಂಗ್ ಮೆಷಿನ್ ಮುಟ್ಟಿದರೆ ಜುಮ್ ಅನ್ನುವುದನ್ನೂ ಹಾಗೇ ಬಿಡಬಾರದು. ಮೆಷಿನ್ ಒಳಗಿನ ಫಿಲ್ಟರ್‌ನಿಂದ ಒಂದಿಷ್ಟು ಕರೆಂಟ್ ಬಾಡಿಗೆ ಬರುವುದು ಸಹಜ, ಅದರಿಂದ ಜೀವಕ್ಕೆ ಅಪಾಯವಿಲ್ಲ. ಅರ್ತ್ ಇದ್ದರೆ ಅದು ಅಲ್ಲೇ ಇಳಿದು ಹೋಗುತ್ತದೆ. ಜುಮ್ ಅಂದರೆ ಆ ಸಾಕೆಟ್‌ಗೆ ಅರ್ತ್ ತಲುಪಿಲ್ಲದಿರುವ ಸಂಭವ ಜಾಸ್ತಿ. ಅಲ್ಲಿ ಮೂರು ಪಿನ್ ಪ್ಲಗ್ಗನ್ನು ತೆಗೆದು ಎರಡು ಪಿನ್ ಹಾಕಿರುವುದೂ ಇರಬಹುದು, ಮೊದಲು ಅದನ್ನೇ ನೋಡಬೇಕು.

ಗುಂಡಿಯ ಅಳತೆ ಮಾಡಿಸುವುದಾದರೆ ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ ಮಾಡಿಸಬೇಕು. ನೆಲ ಪೂರ್ತಿ ಒಣಗಿ ರೋಧ ಅತಿ ಜಾಸ್ತಿ ಇರುವುದು ಆಗಲೇ. ಆಗಸ್ಟ್‌ನಲ್ಲಿ ಅಳೆದು 20 ಓಮ್ ಅಂತ ಬರೆದುಕೊಂಡ ಗುಂಡಿ ಬೇಸಿಗೆಯಲ್ಲಿ ಅದರ ಎಷ್ಟೋ ಪಟ್ಟು ತೋರಿಸಬಹುದು. ಬಲ್ಬ್ ಬೇಡ, ಅರ್ತ್ ಟೆಸ್ಟರ್ ಇರುವವರನ್ನೇ ಕರೆಸಿ. ಅವರು ಬಂದ ದಿನವೇ ಮೆಗ್ಗರ್‌ನಿಂದ ವೈರಿಂಗ್ ಕೂಡ ಅಳೆಸಿಕೊಂಡರೆ, ಜುಲೈನಲ್ಲಿ ಆರ್‌ಸಿಸಿಬಿ ಯಾವ ಲೈನಿನಿಂದ ಬೀಳಬಹುದು ಅನ್ನುವುದು ಮೊದಲೇ ಗೊತ್ತಿರುತ್ತದೆ.